ಮೇಲಿನ ಮಹಡಿ ಮತ್ತು ಕೆಂಪು ಡ್ರ್ಯಾಗನ್

ನನ್ನ ಗಂಡ ಎಕ್‌ಹಾರ್ಟ್ ಮೋರ್ಡೀಕ್‌ನ ಎದುರು ಆಟಕ್ಕೆ ಕೂತು ಪಾಸಾದ ಗಂಡು ಇನ್ನೂ ಹುಟ್ಟಿರಲಿಲ್ಲ. ಮಗಳು ಮೊದಲು ಕರೆತಂದಿದ್ದವನು ಕಾಫಿ ಹೀರುತ್ತಾ, "ಬಿಡಿ, ಆಟ ತಾನೇ" ಅಂದ. ಅಲ್ಲಿಗೆ ಅವನ ಕಥೆ ಮುಗಿಯಿತು. ಊರೂರು ಅಳೆದು ನಿವೃತ್ತನಾದ ಸರ್ವೆಯರ್ ನನ್ನ ಗಂಡ. ಚೌಕದ ಬಿಲ್ಲೆಗಳನ್ನು ಜೋಡಿಸಿ ಕೋಟೆ, ರಸ್ತೆ, ಹುಲ್ಲುಗಾವಲು ಕಟ್ಟಿ, ಅವುಗಳಲ್ಲಿ ತಮ್ಮ ತಮ್ಮ ಬಣ್ಣದ ಮರದ ಆಳುಗಳನ್ನು ನಿಲ್ಲಿಸುವ ಆ ಆಟ ಅವನಿಗೆ ನೌಕರಿಯ ಮುಂದುವರಿಕೆ. ಬಿಲ್ಲೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬೆರಳಲ್ಲಿ ತಳ್ಳಿ ಸರಿಮಾಡುತ್ತಾನೆ.

ಈ ಸಲ ಮಗಳು ಸ್ವಾಂಟ್ಯೆ ಕರೆತಂದವನು ಹೌಕೆ. ಮದುವೆಯಾಗಿ ನಮ್ಮ ಮೇಲಿನ ಮಹಡಿಯಲ್ಲೇ ಇರಬೇಕೆಂದು ಇಬ್ಬರಿಗೂ ಆಸೆ. ನನಗಂತೂ ಅವರಿಗಿಂತ ಹೆಚ್ಚು ಆಸೆ. ಎಕ್‌ಹಾರ್ಟ್ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಂಥಾ ಹೊತ್ತಲ್ಲಿ ಈ ಹುಡುಗ ಉಡುಗೊರೆಯೆಂದು ತಂದದ್ದೇನು? ಅದೇ ಆಟಕ್ಕೆ ಸೇರಿಸಿಕೊಳ್ಳುವ ಹೊಸ ಪೆಟ್ಟಿಗೆ: ಜ್ವಾಲಾಮುಖಿ, ಮಾಯದ ಬಾಗಿಲು, ಕೆಂಪು ಮರದ ಡ್ರ್ಯಾಗನ್. ಅದು ನಡೆದ ದಾರಿಯಲ್ಲಿ ಯಾರ ಆಳು ಸಿಕ್ಕರೂ ಗುಳುಂ.

"ನಮ್ಮ ಜಿಲ್ಲೇಲಿ ಡ್ರ್ಯಾಗನ್ ಇದ್ದ ದಾಖಲೆ ಇಲ್ಲ," ಅಂದ ಎಕ್‌ಹಾರ್ಟ್. ಆದರೂ ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಓದದೆ ನಮ್ಮ ಮನೆಯಲ್ಲಿ ಆಟ ಶುರುವಾಗುವುದಿಲ್ಲ. ಅಷ್ಟರಲ್ಲಿ ಪ್ಲಮ್ ಕೇಕಿನ ಮೇಲಿನ ಕೆನೆ ನೀರಾಗಿತ್ತು.

ಡ್ರ್ಯಾಗನ್ ನಡೆಸುವ ಸರದಿ ಹೌಕೆಗೆ ಬಂತು. ಪಕ್ಕದಲ್ಲೇ ಎಕ್‌ಹಾರ್ಟ್‌ನ ದೊಡ್ಡ ಕೋಟೆ, ಒಳಗೆ ಅವನ ನೀಲಿ ಆಳು. ಹುಡುಗ ನನ್ನ ಮುಖ ನೋಡಿದ, ಬೆವರಿದ, ಡ್ರ್ಯಾಗನ್ನನ್ನು ಖಾಲಿ ಹುಲ್ಲುಗಾವಲಿಗೆ ಮೇಯಲು ಬಿಟ್ಟ. ಅಯ್ಯೋ ಮಂಕೇ!

ಎಕ್‌ಹಾರ್ಟ್ ಕನ್ನಡಕ ತೆಗೆದ. "ಏನ್ರೀ, ನನಗೆ ಭಿಕ್ಷೆ ಹಾಕ್ತಿದೀರಾ?"

"ಇಲ್ಲ ಮೋರ್ಡೀಕ್ ಅವರೇ, ನಾನು ನೋಡ್ಲಿಲ್ಲ..."

"ಇಷ್ಟು ದೊಡ್ಡ ಕೋಟೆ ಕಾಣ್ಲಿಲ್ವಾ?"

ಸ್ವಾಂಟ್ಯೆ ಮೇಜಿನ ಕೆಳಗೆ ಅವನನ್ನು ಒದ್ದಳು. "ನಮ್ಮಪ್ಪನ್ನ ಕೈಲಾಗದವನು ಅಂದ್ಕೊಂಡ್ಯಾ? ನೆಟ್ಟಗೆ ಆಡು, ಇಲ್ಲಾ ಎದ್ದು ನಡಿ!"

ಮಹಡಿ ಕೈತಪ್ಪಿತೆಂದೇ ನಾನು ಅಂದುಕೊಂಡೆ.

ಮತ್ತೆ ಅವನ ಸರದಿ ಬಂದಾಗ ಹುಡುಗ ಗಟ್ಟಿ ಮನಸ್ಸು ಮಾಡಿದ. ಡ್ರ್ಯಾಗನ್ ಕೋಟೆಗೆ ನುಗ್ಗಿತು, ರಸ್ತೆಯ ಆಳನ್ನೂ ನುಂಗಿತು. ಹೌಕೆ ಕೈ ಹಿಂದಕ್ಕೆ ತೆಗೆದ.

"ಇನ್ನೊಂದು ಹೆಜ್ಜೆ ಬಾಕಿ ಇದೆ," ಅಂದ ಎಕ್‌ಹಾರ್ಟ್, ಮುಖ ಕೆಂಪಗಾಗಿ. "ನಿಯಮ ಅಂದ್ರೆ ನಿಯಮ."

ಆ ಹೆಜ್ಜೆಗೆ ನನ್ನ ಗಂಡನ ಕೊನೆಯ ಆಳೂ ಹೋಯಿತು.

ಎಕ್‌ಹಾರ್ಟ್ ಎದ್ದು ಹೊರಗೆ ಹೋದ. ಬಾಗಿಲು ಧಡ್ ಎಂದಿತು. ಕೇಕ್ ಕತ್ತರಿಸುತ್ತಿದ್ದ ನನಗೆ ಅಳು ಬರುವುದೊಂದು ಬಾಕಿ.

ವಾಪಸು ಬಂದವನು ಹೌಕೆಯ ಮುಂದೆ ಒಂದು ಬೀಗದ ಕೈ ಇಟ್ಟ. ಹಳೆಯ ನೆರೆಯವನನ್ನೇ ಇಂದಿಗೂ ಏಕವಚನದಲ್ಲಿ ಕರೆಯದವನು ನನ್ನ ಗಂಡ.

"ಮೇಲಿನ ಮಹಡಿ ನಿಂದು ಕಣೋ," ಅಂದ. "ಆ ಡ್ರ್ಯಾಗನ್ ಮಾತ್ರ ಮೆಟ್ಟಿಲು ಇಳಿದು ಕೆಳಗೆ ಬರಕೂಡದು."