ಅಳಿಸದ ಸಾಲು

"ಮೂವತ್ತೆಂಟು ಸಲ?" ಅಣ್ಣ ಕತ್ತರಿ ಕೆಳಗಿಟ್ಟು ಲ್ಯಾಪ್‌ಟಾಪಿನ ಮೇಲೆ ಬಾಗಿದ. "'ಹೆಂಗಸರು ಸ್ವಂತ ಟೈಲರಿಂಗ್ ಅಂಗಡಿ ಇಡುವುದು ಹೇಗೆ.' ಒಂದೇ ವಿಡಿಯೊ ಮೂವತ್ತೆಂಟು ಸಲ ನೋಡಿದ್ದೀಯಾ?"

"ಮೊದಲನೇ ಸಲ ಧೈರ್ಯ ಬರ್ಲಿಲ್ಲ," ಎಂದಳು ತಂಗಿ.

ಸೋಶಿಯಲ್ ಮೀಡಿಯಾದಲ್ಲಿ ಜನ ಏನು ನೋಡುತ್ತಾರೆಂದು ಸಂಶೋಧನೆ ಮಾಡುತ್ತ ಲ್ಯಾಪ್‌ಟಾಪ್ ಹಿಡಿದು ಬಂದ ಹುಡುಗಿಯನ್ನು ಅಂಗಡಿಯೊಳಗೆ ಕರೆದು ಕೂರಿಸಿದವನೇ ಅಣ್ಣ. "ನಮ್ಮಲ್ಲಿ ಮುಚ್ಚುಮರೆ ಇಲ್ಲಮ್ಮ, ಇಬ್ಬರ ಫೋನಿನದೂ ತಗೊಳ್ಳಿ," ಎಂದು ಔದಾರ್ಯ ಮೆರೆದಿದ್ದ. ಕಳಿಸುವ ಮುಂಚೆ, ನೋಡಿದ ವಿಡಿಯೊಗಳ ಪಟ್ಟಿ ಓದಿ ಬೇಡದ್ದನ್ನು ಅಳಿಸಬಹುದು, ಹೆಸರಂತೂ ಹೋಗುವುದಿಲ್ಲ ಎಂದು ಅವಳು ವಿವರಿಸಿದ್ದಳು. ಅಣ್ಣನದು ಆಗಲೇ ಹೋಗಿತ್ತು: ಕುಸ್ತಿ, ಕುಸ್ತಿ, ಮತ್ತೂ ಕುಸ್ತಿ. ನಡುವೆ ಬೊಕ್ಕತಲೆಗೆ ಹಚ್ಚುವ ಎಣ್ಣೆಯ ಸಾಲುಗಳಿದ್ದವು. ಅವನ್ನು ಸದ್ದಿಲ್ಲದೆ ಅಳಿಸಿದ್ದ.

"ಅದೊಂದು ಸಾಲು ತೆಗೆದುಬಿಡಿ," ಎಂದ ಸಂಶೋಧಕಿಗೆ.

"ಅದು ಅವರಿಷ್ಟ ಸರ್."

ಅಣ್ಣ ತಂಗಿಯ ಕಡೆ ತಿರುಗಿದ. ದನಿ ಬೆಣ್ಣೆಯಾಯಿತು. "ಅಳಿಸು ಪುಟ್ಟಿ. ನಾನೂ ನೋಡಿಲ್ಲ ಅಂದ್ಕೋತೀನಿ. ಹದಿನಾರು ವರ್ಷ ಅನ್ನ ಹಾಕಿದೀನಿ."

"ಹದಿನಾರು ವರ್ಷ ನಾನೂ ಹೊಲಿದಿದ್ದೀನಣ್ಣ. ಉಂಡಿದ್ದು ಇಬ್ಬರೂ."

ಹೊರಗಿನ ಬೋರ್ಡು 'ಬ್ರದರ್ಸ್ ಟೈಲರ್ಸ್' ಎನ್ನುತ್ತಿತ್ತು. ಎರಡನೆಯ ಬ್ರದರ್ ಯಾರೆಂದು ಈವರೆಗೆ ಯಾವ ಗಿರಾಕಿಯೂ ಕೇಳಿರಲಿಲ್ಲ.

"ಕಳಿಸಿದ್ರೆ ನಾಳೆ ಈ ಮಿಷನ್ ಮುಂದೆ ಕೂರೋ ಹಾಗಿಲ್ಲ. ಹೇಳಿದ್ದೀನಿ."

ತಂಗಿ ತನ್ನ ಪಟ್ಟಿಯನ್ನು ಮೇಲಿನಿಂದ ಓದಿದಳು. ಮೊಣಕಾಲು ನೋವಿಗೆ ಮದ್ದು, ಅಳುವ ಧಾರಾವಾಹಿಯ ತುಣುಕು, ಬೆಕ್ಕಿಗೆ ಹೆದರಿದ ನಾಯಿ. ನಾಚಿಕೆಯಾಗುವಂಥವು ಬೇಕಾದಷ್ಟಿದ್ದವು. ಒಂದನ್ನೂ ಅಳಿಸದೆ ಕೆಳಗಿನ 'ಕಳಿಸು' ಗುಂಡಿ ಒತ್ತಿದಳು.

"ಹೋಯ್ತಾ?" ಎಂದು ಸಂಶೋಧಕಿಯನ್ನು ಕೇಳಿದಳು.

"ಹೋಯ್ತು ಮೇಡಂ. ಪೂರ್ತಿ."

ಅಣ್ಣ ಇಂಚುಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅಷ್ಟರಲ್ಲಿ ಎದುರು ಶಾಲೆಯ ಟೀಚರು ಪ್ಯಾಂಟು ಹಿಡಿದು ಮೆಟ್ಟಿಲು ಹತ್ತಿದರು.

"ಎರಡಿಂಚು ಗಿಡ್ಡ ಮಾಡ್ಬೇಕಿತ್ತು. ನಾಳೆ ಸಂಜೆ ಸಿಗುತ್ತಾ?"

ಅಣ್ಣ ಗೋಡೆ ನೋಡಿದ.

"ಸಿಗುತ್ತೆ ಟೀಚರ್," ಎಂದಳು ತಂಗಿ. "ಎಲ್ಲಿಗೆ ಬರ್ಬೇಕು ಅಂತ ಬೆಳಿಗ್ಗೆ ಫೋನ್ ಮಾಡ್ತೀನಿ. ನನ್ನ ನಂಬರ್ ಇಟ್ಕೊಳ್ಳಿ."

ಲೈನಿಂಗ್ ಬಟ್ಟೆಯ ಚೂರೊಂದನ್ನು ತೊಡೆಯ ಮೇಲೆ ಹರಡಿ ನೀಲಿ ಬಳಪದಲ್ಲಿ ಬರೆಯತೊಡಗಿದಳು. ಏಳನೆಯ ಅಂಕಿಗೆ ಬಳಪ ಮುರಿಯಿತು. ಉಳಿದ ತುಣುಕನ್ನು ಉಗುರಿನಲ್ಲಿ ಹಿಡಿದು, ಮಿಕ್ಕ ಮೂರನ್ನು ಇನ್ನಷ್ಟು ದೊಡ್ಡದಾಗಿ ಬರೆದಳು.