ಮಂಡಿಯೂರಿದ ಉಬ್ಬು

ಒಳಗಿದ್ದವರೆಲ್ಲ ಹೊರಗೆ ಬಂದ ಮೇಲೇ ಗೋಡೆಯ ಅಳತೆ ತೆಗೆಯುವ ಸ್ಕ್ಯಾನರ್ ತಿರುಗಬೇಕು. ಅದು ನಿಯಮ. ಆದರೆ ಅವತ್ತು ಸೂಪರ್‌ವೈಸರಿಗೆ ಅವಸರ. "ನೀನು ಹೊರಗೆ ಬಂದು ಮತ್ತೆ ಒಳಗೆ ಹೋಗೋಷ್ಟರಲ್ಲಿ ಬೆಳಕು ಹರಿಯುತ್ತೆ, ಅಲ್ಲೇ ಅಲ್ಲಾಡದೆ ಕೂತಿರು" ಅಂದ. ಕಡೆಯ ಟೈಲ್ಸಿಗೆ ಸ್ಕ್ರೂ ಬಿಗಿಯುತ್ತಿದ್ದ ನಮ್ಮಣ್ಣ ಹಾಗೇ ಮಂಡಿಯೂರಿ ಕೂತ. ಕೂರಿಸಿದವನಿಗೇನು, ಅವನಪ್ಪನ ಗಂಟು ಹೋಗುತ್ತದೆಯೇ!

ಅದು ಉಕ್ಕಿನ ದೊಡ್ಡ ಬಳೆಯಂಥ ಕೋಣೆ. ಸೂರ್ಯನಿಗಿಂತ ಬಿಸಿಯಾದ ಪ್ಲಾಸ್ಮಾ ಅದರೊಳಗೆ ಸುತ್ತುತ್ತದೆ. ಗೋಡೆಗೆ ತಾಗದಂತೆ ಆಯಸ್ಕಾಂತಗಳು ಅದನ್ನು ಹಿಡಿದಿಡುತ್ತವೆ. ತಪ್ಪಿ ತಾಗಿದರೆ ಎಲ್ಲಿ ತಾಗೀತು ಎಂದು, ಆ ಅಳತೆಯಿಂದ ಮಾಡಿದ ಮಾಡೆಲನ್ನು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವವರು ಮೇಲಿನ ಮಹಡಿಯ ಏಸಿಯಲ್ಲಿ. ಗೋಡೆಗೆ ಟೈಲ್ಸ್ ಕೂರಿಸುವ ಅಣ್ಣ, ನೀರಿನ ಪೈಪು ವೆಲ್ಡ್ ಮಾಡುವ ನಾನು, ನಾವೆಲ್ಲ ಕೆಳಗೆ.

ಆ ಅಳತೆಯ ದಿನದಿಂದ ಅಣ್ಣನಿಗೆ ಚಳಿ. ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ನಡುಗುತ್ತಾನೆ. ಒಮ್ಮೊಮ್ಮೆ ಮಾತ್ರ "ಈಗ ಬೆನ್ನು ಬೆಚ್ಚಗಾಯ್ತು" ಎಂದು ನಗುತ್ತಾನೆ. ಹೋದ ವಾರ ಪ್ರಜ್ಞೆಯೂ ತಪ್ಪಿತ್ತು. ಡಾಕ್ಟರು ಏನೂ ಇಲ್ಲ ಅಂದರು. ಏನೂ ಇಲ್ಲದವನ ಮೈ ಹೆಣದಂತೆ ತಣ್ಣಗಿರುತ್ತದೆಯೇ?

ಮೇಲಿನವರ ಪರದೆಯಲ್ಲಿ ಮನುಷ್ಯನಂಥ ಒಂದು ಉಬ್ಬು ಇದೆಯೆಂದು ಯಾರೋ ನಗುತ್ತ ಹೇಳಿದ್ದೇ ತಡ, ಮೆಟ್ಟಿಲು ಹಾರಿ ಹೋದೆ. ಎಲ್ಲರೂ 'ಮಾಡೆಲ್ ಮೇಡಂ' ಎನ್ನುವ ಹೆಂಗಸು ಪರದೆ ತೋರಿಸಿದರು. ಬಾಗಿದ ಬೆನ್ನು, ಕುತ್ತಿಗೆ, ಮೊಣಕೈ. ಗೋಡೆಯೊಂದಿಗೆ ಗೋಡೆಯಾಗಿ ಅಂಟಿಕೊಂಡಿತ್ತು. ಬೆನ್ನ ಮೇಲೆ, ಪ್ಲಾಸ್ಮಾ ತಾಗುವಲ್ಲಿ, ಕೆಂಡದ ಬಣ್ಣ.

"ಇದು ನಮ್ಮಣ್ಣ ಕಣ್ರೀ!"

"ಅಳತೆಯಲ್ಲಿ ಸೇರಿಬಿಟ್ಟಿದೆಯಪ್ಪ. ನಮಗೆ ಆಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೆ ಅಳಿಸೋಕೆ ಏನ್ರೀ ರೋಗ?"

"ಹೋದ ವಾರ ಅಳಿಸಿ ನೋಡಿದ್ವಿ. ಯಂತ್ರದಲ್ಲಿ ಆಗೋದಕ್ಕೂ ಮಾಡೆಲ್‌ಗೂ ತಾಳೇನೇ ಆಗ್ಲಿಲ್ಲ. ಇದನ್ನ ಇಟ್ರೆ ಗೆರೆ ಮೇಲೆ ಗೆರೆ ಕೂರುತ್ತೆ."

"ಅಂದ್ರೆ?"

ಅವರು ದನಿ ತಗ್ಗಿಸಿದರು. "ಅಂದ್ರೆ, ಮುಚ್ಚಿರೋ ಯಂತ್ರದೊಳಗೂ ಅಲ್ಲಿ ಏನೋ ಕೂತಿದೆ."

ನನ್ನ ತಲೆ ಕೆಟ್ಟಿತ್ತು. "ಕಥೆ ಬೇಡ. ಅಳಿಸ್ರಿ!"

ಅಳಿಸಿದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ. "ಬೇಗ ಬಾರೋ! ಇವರ ತುಟಿ ನೀಲಿ ಆಗ್ತಿದೆ, ಉಸಿರೇ ಆಡ್ತಿಲ್ಲ!"

"ಇಡ್ರಿ! ವಾಪಸ್ ಇಡ್ರಿ ಮೇಡಂ, ಓಡ್ಸಿ!"

ಅವರು ಕೀಲಿ ಒತ್ತಿದರು. ಉಬ್ಬು ಬಂತು, ಬೆನ್ನು ಕೆಂಪಾಯಿತು. ಫೋನಿನಲ್ಲಿ ಅಣ್ಣನ ದನಿ: "ಅಬ್ಬಾ, ಬಿಸಿಲಿಗೆ ಕೂರಿಸಿದ ಹಾಗಾಯ್ತು ಕಣೇ."

ಬೈಯಲು ಹೋದವನು ಕೈಮುಗಿದು ನಿಂತೆ. ನಿಲ್ಲಿಸಬೇಡಿ ಅಂದೆ. ಮೇಡಂ ತಲೆ ತಗ್ಗಿಸಿದರು. "ನಾಳೆ ಯಂತ್ರದ ಬಾಗಿಲು ತೆಗೀತಾರೆ. ಹೊಸದಾಗಿ ಅಳತೆ. ಮಾಡೆಲ್‌ನಲ್ಲಿರೋ ಹಳೇ ಗೋಡೆ, ಉಬ್ಬು ಎಲ್ಲ ಕಿತ್ತುಹಾಕು ಅಂತ ದೊಡ್ಡವರ ಆರ್ಡರ್."

ಮಾರನೇ ದಿನ ಅಣ್ಣ ಹಾಸಿಗೆಯಿಂದ ಏಳುವಂತಿರಲಿಲ್ಲ. ಅವನ ಅಂಗಿ, ಅವನ ಗ್ಲೌಸು ತೊಟ್ಟು ನಾನು ಒಳಗೆ ತೆವಳಿದೆ. ನಮ್ಮಿಬ್ಬರದೂ ಒಂದೇ ಮೈಕಟ್ಟು; ಹೊಸ ಅಳತೆಯಲ್ಲೂ ಅದೇ ಉಬ್ಬು ಮೂಡಬೇಕು. ತಾಳೆಯಾಗುವ ಉಬ್ಬನ್ನು ಮೇಲಿನವರು ಕೀಳುವುದಿಲ್ಲ, ಅಷ್ಟು ನನಗೂ ಗೊತ್ತು.

"ಎಲ್ರೂ ಹೊರಗೆ ಬಂದ್ರಾ?" ಸೂಪರ್‌ವೈಸರ್ ಕೂಗಿದ. ಈಗ ನಿಯಮ ನೆನಪಾಗಿದೆ ಬಡ್ಡಿಮಗನಿಗೆ. ನಾನು ತುಟಿ ಬಿಚ್ಚಲಿಲ್ಲ.

ನೆಲದ ಟೈಲ್ಸೆಲ್ಲ ಮಸಿ. ಒಂದು ಕಡೆ ಮಾತ್ರ ಎರಡು ಮಂಡಿಗಳಷ್ಟು ಅಗಲ ಫಳಫಳ ಹೊಳೆಯುತ್ತಿತ್ತು. ಅಲ್ಲೇ ಮಂಡಿಯೂರಿದೆ. ಸ್ಕ್ಯಾನರ್ ಗುಂಯ್‌ಗುಟ್ಟುತ್ತ ತಿರುಗತೊಡಗಿತು.

ಕುತ್ತಿಗೆಗೆ ಬೆಚ್ಚನೆಯ ಉಸಿರು ತಾಗಿತು.

"ಸ್ವಲ್ಪ ಸರಿಯೋ," ಕಿವಿಯಲ್ಲಿ ಅಣ್ಣನ ದನಿ, "ಇಬ್ರಿಗೂ ಜಾಗ ಆಗುತ್ತೆ."