ನಾಲ್ಕು ಇಂಚಿನ ಎತ್ತರ

ಗಾಡಿಯನ್ನು ನೆಲದಿಂದ ಎತ್ತರಿಸುವ ಲಿಫ್ಟ್ ಕಿಟ್ ಹಾಕುವ ಮೇಸ್ತ್ರಿಯದು ಒಂದು ಪದ್ಧತಿ. ಕಿಟ್ ತರಿಸುವ ಮೊದಲು ಗಾಡಿಯ ನಾಲ್ಕೂ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಮುಂದೆ ಬರಲಿರುವ ಎತ್ತರಕ್ಕೆ ನಿಲ್ಲಿಸುತ್ತಿದ್ದ. ಆ ಗಾಡಿಯಲ್ಲಿ ಓಡಾಡುವವರೆಲ್ಲ ಒಂದು ಸಲ ಹತ್ತಿ ಇಳಿಯಬೇಕು. ಹಾಕಿಸಿಕೊಂಡು ಹೋದವರು ಹೆಂಡತಿಯ ಕೈಲಿ ಬೈಸಿಕೊಂಡು ಬಿಚ್ಚಿಸಲು ಬರುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಅಕ್ಕನನ್ನು ಕರೆದುಕೊಂಡು ಬಂದಿದ್ದ ತಮ್ಮನ ಪಿಕಪ್ ಈಗ ನಾಲ್ಕು ಇಂಚಿನ ಹಲಗೆಗಳ ಮೇಲಿತ್ತು. ಹೆಸರಿಗೆ ಫೋರ್ ವೀಲ್ ಡ್ರೈವ್. ಭಾನುವಾರ ಹಳೆಯ ಕಲ್ಲುಕ್ವಾರಿಯಲ್ಲಿ ಗೆಳೆಯರ ಗಾಡಿಗಳು ದಾಟುವ ಬಂಡೆಯ ಮೇಲೆ ಇವನದು ಹೊಟ್ಟೆ ಉಜ್ಜಿಕೊಂಡು ನಿಂತುಬಿಡುತ್ತಿತ್ತು. ಅವರು ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದರು. ಎರಡು ಇಂಚು ಎತ್ತಿದರೆ ಉಜ್ಜುವುದು ಕಡಿಮೆಯಾಗುತ್ತದೆ, ನಾಲ್ಕು ಎತ್ತಿದರೆ ಉಜ್ಜುವುದೇ ಇಲ್ಲ ಎಂದ ಮೇಸ್ತ್ರಿ. ತಮ್ಮ ಹಿಂದೆ ಸರಿದು ನೋಡಿದ. ನೋಡಿದ್ದೇ ತಡ, ಎರಡು ಇಂಚಿನ ಮಾತು ತಲೆಯಿಂದ ಹೊರಟುಹೋಯಿತು.

"ಯಾರ್ಯಾರು ಕೂರ್ತಾರೆ ಇದ್ರಲ್ಲಿ?" ಮೇಸ್ತ್ರಿ ಕೇಳಿದ.

"ನಾನೊಬ್ಬನೇ."

ಮೇಸ್ತ್ರಿ ಗಲ್ಲ ಎತ್ತಿ ಬಾಗಿಲ ಕಡೆ ತೋರಿಸಿದ. ಟೈರುಗಳ ರಾಶಿಯ ಪಕ್ಕ ಅಕ್ಕ ಊರುಗೋಲು ಹಿಡಿದು ಕೂತಿದ್ದಳು. ಸೊಂಟದ ಆಪರೇಷನ್ ಆದಮೇಲೆ ಪ್ರತಿ ಗುರುವಾರ ಅವಳನ್ನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಪಿಕಪ್. ಹಲಗೆಯಿಲ್ಲದ ಮಾಮೂಲಿ ಎತ್ತರಕ್ಕೇ ಅವಳು ಬಾಗಿಲು ಹಿಡಿದು, ಹಲ್ಲು ಕಚ್ಚಿ, ತಮ್ಮ ಹಿಂದಿನಿಂದ ಆನಿಕೆ ಕೊಟ್ಟರೆ ಮಾತ್ರ ಹತ್ತುತ್ತಿದ್ದಳು.

"ಅವ್ರಾ? ಇವತ್ತೊಂದಿನ ಡ್ರಾಪ್ ಅಷ್ಟೆ."

ಗಾಳಿ ತುಂಬುವ ಕಂಪ್ರೆಸರ್ ಸದ್ದಿನಲ್ಲಿ ಕೇಳಿಸಲೆಂದು ಅವನು ಗಟ್ಟಿಯಾಗಿ ಕೂಗಿದ್ದ. ಅಷ್ಟರಲ್ಲಿ ಕಂಪ್ರೆಸರ್ ನಿಂತಿತ್ತು.

"ಹೌದು ಮೇಸ್ತ್ರಿ," ಅಕ್ಕ ಕೂತಲ್ಲಿಂದಲೇ ಹೇಳಿದಳು. "ನಾನು ದಾರೀಲಿ ಕೈ ಅಡ್ಡ ಹಾಕಿ ಹತ್ತಿದವಳು."

ಮೇಸ್ತ್ರಿ ನಕ್ಕ. ತಮ್ಮನೂ ನಗಬೇಕಾಯಿತು. ಮಾತು ಕಲಿತಾಗಿನಿಂದ ನೀನು ಎಂದು ಕರೆದವಳನ್ನು ಈಗ ಅವ್ರು ಅಂದಾಗಿತ್ತು. ಇವಳು ನನ್ನಕ್ಕ ಎಂದು ಹೇಳಲು ಬಾಯಿ ತೆರೆದವನು, ಎರಡು ಇಂಚೇ ಸಾಕು, ಎಡಗಡೆ ಒಂದು ಫುಟ್‌ಬೋರ್ಡೂ ಇರಲಿ ಎಂದ. ಮೇಸ್ತ್ರಿ ಅವನ ಮುಖ ನೋಡಿ, ಅಷ್ಟನ್ನೇ ಚೀಟಿಯಲ್ಲಿ ಬರೆದುಕೊಂಡ.

ಮನೆಗೆ ಹೋಗುವಾಗ ಅಕ್ಕ ಪಕ್ಕದ ಮನೆಯವರ ಬೆಕ್ಕಿನ ವಿಷಯ ಮಾತಾಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತಪ್ಪಾಯಿತು ಎನ್ನುವ ಮಾತು ಪ್ರತಿ ಸಿಗ್ನಲ್‌ನಲ್ಲೂ ಗಂಟಲವರೆಗೆ ಬಂದು, ಹಸಿರು ಬಿದ್ದ ಕೂಡಲೇ ಕೆಳಗಿಳಿಯುತ್ತಿತ್ತು.

ಮುಂದಿನ ಗುರುವಾರ ಎತ್ತರಿಸಿದ ಗಾಡಿ ತಂದು ಅವಳ ಮನೆ ಮುಂದೆ ನಿಲ್ಲಿಸಿದ. ಬಾಗಿಲಿಗೆ ಬೀಗ. ಫೋನ್ ಮಾಡಿದರೆ, ಆಗಲೇ ಆಸ್ಪತ್ರೆಯ ಹತ್ತಿರ ಬಂದಿದ್ದೇನೆ, ಬಾಡಿಗೆ ಕಾರಿನವನಿಗೆ ಪ್ರತಿ ವಾರ ಬರಲು ಹೇಳಿದ್ದೇನೆ ಎಂದಳು. ದನಿಯಲ್ಲಿ ಕೋಪವಿರಲಿಲ್ಲ.

"ಎರಡೇ ಇಂಚು ಕಣೇ ಹಾಕ್ಸಿದ್ದು. ಮೆಟ್ಲೂ ಇದೆ. ನಿನಗೇ ಅಂತ."

"ಗೊತ್ತು ಕಣೋ. ಮೇಸ್ತ್ರಿ ಎದುರಿಗೆ ಅಕ್ಕ ಅಂದಿದ್ರೆ ನಾಲ್ಕು ಇಂಚಿಗೂ ಹೆಂಗೋ ಹತ್ಕೋತಿದ್ದೆ."

ಕಾರು ನಿಂತಿತೆಂದು ಅವಳು ಫೋನ್ ಇಟ್ಟಳು. ಅವಳ ಕಾಲಿಗೆ ಜಾಗವಿರಲೆಂದು ಬೆಳಿಗ್ಗೆಯೇ ಎಡಗಡೆಯ ಸೀಟನ್ನು ಪೂರ್ತಿ ಹಿಂದೆ ಸರಿಸಿದ್ದ. ಅದನ್ನು ಮತ್ತೆ ಮುಂದಕ್ಕೆ ಎಳೆಯಲು ಅವನಿಗೆ ಕೈ ಬರಲಿಲ್ಲ.